ದ್ವೀಪಕ್ಕೆ ಕರೆದೊಯ್ಯುವ ಮುನ್ನ ಎರಡು ಸಂಜೆ ಈಜುಕೊಳಕ್ಕೆ ಕರೆದೊಯ್ಯಿರಿ

ಮಾನ್ಯ ಸಂಪಾದಕರಿಗೆ,

ದಸರೆ ಮುಗಿದು ಸಂಜೆಯ ಗಾಳಿ ತಂಪಾಗುತ್ತಿದ್ದಂತೆ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಿಂದ ಹಿಡಿದು ಧಾರವಾಡದ ಸುಭಾಸ ರಸ್ತೆಯವರೆಗೆ ಅಂಡಮಾನ್ ಪ್ರವಾಸದ ಫಲಕಗಳು ಕಾಣಿಸಿಕೊಳ್ಳತೊಡಗುತ್ತವೆ. ವಿಮಾನದ ಟಿಕೆಟ್ ಸೇರಿ ಎಷ್ಟು, ಹೋಟೆಲ್ ಎಂಥದ್ದು, ಊಟಕ್ಕೆ ರೊಟ್ಟಿ-ಪಲ್ಯ ಸಿಗುತ್ತದೆಯೋ ಇಲ್ಲವೋ ಎಂಬುದೆಲ್ಲ ಅವುಗಳಲ್ಲಿರುತ್ತದೆ. ನಡುವೆ, ಗಾಜಿನ ಮಾಸ್ಕ್ ಹಾಕಿಕೊಂಡು ಬಾಯಲ್ಲಿ ಕೊಳವೆ ಕಚ್ಚಿ, ನೀಲಿ ನೀರಿನಲ್ಲಿ ಮುಖ ಅದ್ದಿ ತೇಲುತ್ತಿರುವವರೊಬ್ಬರ ಚಿತ್ರವೂ ಇರುತ್ತದೆ. ಸ್ನಾರ್ಕೆಲಿಂಗ್ ಎಂದು ಕರೆಯುವ ಆ ವಿಹಾರಕ್ಕೆ ನಮ್ಮ ಬಯಲುಸೀಮೆಯ ಜನರನ್ನು ಕರೆದೊಯ್ಯುವವರು, ಹೊರಡುವ ಮುನ್ನ ಎರಡು ಸಂಜೆ ಅವರನ್ನು ನಮ್ಮೂರಿನ ಈಜುಕೊಳದಲ್ಲಿಳಿಸಿ ಕನ್ನಡದಲ್ಲಿ ಪಾಠ ಹೇಳಿಸಬೇಕು ಎಂದು ಕೋರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಹೀಗೆ ಮಾಡಿದರೆ ಪ್ರವಾಸಿಗರ ಜೀವವೂ ಅಲ್ಲಿನ ಹವಳದ ಜೀವವೂ ಒಟ್ಟಿಗೆ ಉಳಿಯುತ್ತವೆ ಎಂಬುದನ್ನು ಅಲ್ಲಿಗೆ ಹೋಗಿಬಂದ ಮೇಲೆ ನಾನು ಕಣ್ಣಾರೆ ಕಂಡು ತಿಳಿದುಕೊಂಡಿದ್ದೇನೆ.

ಕಳೆದ ಜನವರಿಯಲ್ಲಿ ನಾವು ಇಪ್ಪತ್ತಾರು ಜನ ಹೋಗಿದ್ದೆವು. ಧಾರವಾಡ, ಹುಬ್ಬಳ್ಳಿ, ಗದಗಿನವರು. ಬಹುಪಾಲು ನಿವೃತ್ತರು, ಅವರ ಮಕ್ಕಳು, ಮೊಮ್ಮಕ್ಕಳು. ನನ್ನ ಜೊತೆಗೆ ನನ್ನ ಅಕ್ಕ ಇದ್ದಳು. ಹೊರಡುವ ವಾರದ ಮುಂಚೆ ಪ್ರವಾಸದ ವ್ಯವಸ್ಥಾಪಕರು ಎಲ್ಲರನ್ನೂ ಕೂಡಿಸಿ ಒಂದು ಸಭೆ ನಡೆಸಿದರು. ಎಷ್ಟು ಕಿಲೋ ಸಾಮಾನು ತರಬೇಕು, ಆಧಾರ್ ಕಾರ್ಡಿನ ಪ್ರತಿ ಎಷ್ಟು ಬೇಕು, ಯಾರಿಗೆ ಉಳ್ಳಾಗಡ್ಡಿ ಆಗುವುದಿಲ್ಲ ಎಂಬುದನ್ನೆಲ್ಲ ಬಹಳ ಅಕ್ಕರೆಯಿಂದ ವಿಚಾರಿಸಿದರು. ಅದರಲ್ಲಿ ಕೊರತೆ ಹೇಳುವಂತಿರಲಿಲ್ಲ. ಆದರೆ ನಮ್ಮಲ್ಲಿ ಎಷ್ಟು ಮಂದಿಗೆ ಈಜು ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಯಾರಿಗೆ ರಕ್ತದೊತ್ತಡ ಇದೆ, ಯಾರಿಗೆ ದಮ್ಮಿನ ತೊಂದರೆ ಇದೆ, ಯಾರಿಗೆ ಹೃದಯದ ಚಿಕಿತ್ಸೆ ಆಗಿದೆ ಎಂದೂ ಕೇಳಲಿಲ್ಲ. ಅದನ್ನು ಕೇಳಬೇಕೆಂಬುದು, ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೂ ಆ ಹೊತ್ತಿಗೆ ಹೊಳೆಯಲಿಲ್ಲ.

ದ್ವೀಪಗಳನ್ನು ಸುತ್ತುವ ದಿನ ಬೆಳಿಗ್ಗೆ ಬೇಗ ಶ್ರೀ ವಿಜಯಪುರಂನ ಜೆಟ್ಟಿಗೆ ಹೋದೆವು. 2024ರವರೆಗೆ ಪೋರ್ಟ್ ಬ್ಲೇರ್ ಎಂದಿದ್ದ ಊರು ಅದು. ಅಲ್ಲಿನ ಜನ ಇನ್ನೂ ಹಳೆಯ ಹೆಸರನ್ನೇ ಹೇಳುತ್ತಾರೆ. ಆ ಸೀಮೆ ನಮಗಿಂತ ಬಹಳ ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ ಆದ್ದರಿಂದ ಜನವರಿಯಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ, ಹೀಗಾಗಿ ದೋಣಿಗಳು ನಸುಕಿಗೇ ಸಿದ್ಧವಾಗುತ್ತವೆ. ಜೆಟ್ಟಿಯ ಮೇಲೆಯೇ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ತೊಡಿಸಿದರು, ಹಾಕಿಕೊಳ್ಳದವರನ್ನು ಹತ್ತಿಸಿಕೊಳ್ಳಲಿಲ್ಲ. ಮೊದಲು ಕರೆದೊಯ್ದದ್ದು ರಾಸ್ ದ್ವೀಪಕ್ಕೆ. 2018ರ ಡಿಸೆಂಬರಿನಿಂದ ಅದರ ಹೆಸರು ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ. 1858ರಿಂದ ಬ್ರಿಟಿಷರ ಆಡಳಿತ ಕೇಂದ್ರವಾಗಿದ್ದ ಆ ಪುಟ್ಟ ದ್ವೀಪದಲ್ಲಿ ಚರ್ಚು, ಬೇಕರಿ, ಅಧಿಕಾರಿಗಳ ಬಂಗಲೆಗಳೆಲ್ಲ ಇದ್ದವು. 1941ರ ಭೂಕಂಪ, ಮರುವರ್ಷದ ಜಪಾನಿ ಆಕ್ರಮಣಗಳ ತರುವಾಯ ಪಾಳುಬಿದ್ದ ಆ ಗೋಡೆಗಳನ್ನು ಈಗ ಮರದ ಬೇರುಗಳು ಅಪ್ಪಿಕೊಂಡಿವೆ, ಜಿಂಕೆಗಳು ಮನುಷ್ಯರ ನಡುವೆಯೇ ಮೇಯುತ್ತವೆ. ಅಲ್ಲಿ ಒಂದೂವರೆ ತಾಸು ಕಳೆದು ನಾರ್ತ್ ಬೇ ಕಡೆಗೆ ಹೊರಟೆವು. ಹಳೆಯ ಕೆಂಪು ಇಪ್ಪತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ತೆಂಗಿನ ಮರಗಳ ಆಚೆ ಕಾಣುವ ಕಡಲತೀರ ಅದೇ ಎಂದು ಗೊತ್ತಾದಾಗ, ಸಂಗಡಿಗರೊಬ್ಬರು ಪಾಕೀಟಿನಲ್ಲಿದ್ದ ನೋಟನ್ನು ತೆಗೆದು ಎದುರಿನ ದೀಪಸ್ತಂಭದೊಂದಿಗೆ ಹೋಲಿಸಿ ನೋಡಿದರು. ಅಲ್ಲಿಯವರೆಗೆ ಎಲ್ಲವೂ ಸಂತೋಷವಾಗಿಯೇ ನಡೆದಿತ್ತು.

ನಾರ್ತ್ ಬೇಯಲ್ಲಿ ದಂಡೆಗೆ ಹತ್ತಿರವೇ ಹವಳವಿದೆ. ಒಬ್ಬೊಬ್ಬರಿಗೂ ಮಾಸ್ಕ್ ಮತ್ತು ಸ್ನಾರ್ಕೆಲ್ ಎಂಬ ಉಸಿರಾಟದ ಕೊಳವೆ ಕೊಟ್ಟು, ಸೊಂಟದುದ್ದ ನೀರಿನಲ್ಲಿ ಸಾಲಾಗಿ ನಿಲ್ಲಿಸಿ, ಅಲ್ಲಿನ ಯುವಕರು ಹಿಂದಿಯಲ್ಲಿ ಪಾಠ ಹೇಳಿದರು. ಪಾಠವೆಂದರೆ ನಾಲ್ಕೈದು ನಿಮಿಷದ ಮಾತು. ಆ ಹುಡುಗರದು ತಪ್ಪೇನೂ ಇರಲಿಲ್ಲ. ಒಂದು ಗುಂಪು ಮುಗಿಯುವಷ್ಟರಲ್ಲಿ ಇನ್ನೊಂದು ಗುಂಪು ಬಂದು ನಿಂತಿರುತ್ತದೆ, ಅವರಾದರೂ ಎಷ್ಟು ಹೇಳಿಯಾರು? ಆ ದ್ವೀಪಗಳಲ್ಲಿ ಹಿಂದಿ, ಬಂಗಾಳಿ, ತಮಿಳು, ತೆಲುಗು ಎಲ್ಲವೂ ಕೇಳಿಬರುತ್ತವೆ, ಕನ್ನಡ ಮಾತ್ರ ಕೇಳಿಬರುವುದಿಲ್ಲ. ನಮ್ಮ ಗುಂಪಿನ ಹಿರಿಯ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಮಂದಿಗೆ ಹಿಂದಿ ಧಾರಾವಾಹಿ ಅರ್ಥವಾಗುತ್ತದೆ. ಆದರೆ ಸೊಂಟದುದ್ದ ನೀರಿನಲ್ಲಿ ನಿಂತು, ಮೂಗು ಮುಚ್ಚಿಕೊಂಡು, ಕಿವಿಯಲ್ಲಿ ಅಲೆಯ ಸದ್ದು ತುಂಬಿರುವಾಗ ಹೇಳಿದ ಹಿಂದಿ ಅರ್ಥವಾಗುವುದಿಲ್ಲ.

ನನ್ನ ಅಕ್ಕನಿಗೆ ಅರವತ್ತಾರು ವರ್ಷ. ಮಾಸ್ಕ್ ಮೂಗನ್ನು ಪೂರ್ತಿ ಮುಚ್ಚುವುದರಿಂದ ಬಾಯಿಂದಲೇ ಉಸಿರಾಡಬೇಕು ಎಂಬ ಒಂದು ಮಾತು ಅವಳಿಗೆ ತಿಳಿದಿರಲಿಲ್ಲ. ಮುಖ ನೀರಿಗಿಟ್ಟ ಕೂಡಲೇ ಮೂಗಿನಿಂದ ಎಳೆದುಕೊಂಡಳು. ಗಾಳಿ ಬರದೆ ಮಾಸ್ಕ್ ಮುಖಕ್ಕೆ ಹೀರಿಕೊಂಡಿತು. ಗಾಬರಿಯಲ್ಲಿ ಬಾಯಿ ತೆರೆದಾಗ ಕೊಳವೆ ಜಾರಿ ಉಪ್ಪುನೀರು ಒಳಗೆ ಹೋಯಿತು. "ನನ್ನ ಕೈ ಬಿಡಬ್ಯಾಡವಾ, ನನ್ನ ಕೈ ಬಿಡಬ್ಯಾಡ" ಎಂದು ಅವಳು ಹಿಡಿದುಕೊಂಡ ಬಿಗಿಗೆ ನನ್ನ ತೋಳಿನ ಮೇಲೆ ಎದ್ದ ಉಗುರಿನ ಗುರುತು ಊರಿಗೆ ಬರುವವರೆಗೂ ಇತ್ತು. ಅವಳ ಜಾಕೆಟ್ಟಿನ ಎದೆಪಟ್ಟಿಯನ್ನು ಯಾರೂ ಬಿಗಿದಿರಲಿಲ್ಲ. ಸಡಿಲ ಜಾಕೆಟ್ ನೀರಿನಲ್ಲಿ ಮೇಲೇರಿ ಕಿವಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಮೈ ಮಾತ್ರ ಕೆಳಗೇ ಉಳಿಯುತ್ತದೆ. ಅದನ್ನೂ ನಾನು ಅಂದೇ ಕಂಡದ್ದು.

ನನ್ನ ಸರದಿ ಬಂದಾಗ ನಾನು ಮಾಡಿದ್ದನ್ನು ಹೇಳಿಕೊಳ್ಳಲು ಇಂದಿಗೂ ನೋವಾಗುತ್ತದೆ. ಅಲ್ಲಿ ಒಬ್ಬ ಹುಡುಗ ರಬ್ಬರ್ ಟ್ಯೂಬಿಗೆ ನಮ್ಮನ್ನು ಆತುಕೊಳ್ಳಿಸಿ ಎಳೆದುಕೊಂಡು ಹೋಗುತ್ತಾನೆ. ಮುಖ ನೀರಿಗಿಟ್ಟೊಡನೆ ಕಂಡದ್ದನ್ನು ವರ್ಣಿಸಲು ನನ್ನಲ್ಲಿ ಮಾತು ಕಡಿಮೆ. ಮಿದುಳಿನ ಆಕಾರದ ಗುಂಡು ಹವಳ, ಜಿಂಕೆಯ ಕೊಂಬಿನಂತೆ ಕವಲೊಡೆದ ಹವಳ, ಅವುಗಳ ಸಂದಿಯಲ್ಲಿ ಹಳದಿ-ಕಪ್ಪು ಪಟ್ಟೆಯ ಮೀನುಗಳು. ಹಸಿರು-ನೀಲಿ ಮೈಯ ಗಿಳಿಮೀನುಗಳು ಹವಳದ ಮೇಲಿನ ಪಾಚಿಯನ್ನು ಕೆರೆಯುವ ಕಟಕಟ ಸದ್ದು ನೀರಿನೊಳಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಆ ಮೀನುಗಳು ಹವಳದ ಸುಣ್ಣವನ್ನು ಅರೆದು ನುಂಗಿ ಹೊರಹಾಕುವ ಪುಡಿಯೇ ಆ ತೀರಗಳ ಬಿಳಿ ಮರಳಿನ ಒಂದು ಪಾಲು ಎಂದು ನಾನು ತರಗತಿಯಲ್ಲಿ ಓದಿ ಹೇಳಿದ್ದೆ, ಅಲ್ಲಿ ಕಂಡೆ. ಅಷ್ಟರಲ್ಲಿ ಒಂದು ಅಲೆ ಕೊಳವೆಯ ಮೇಲಿಂದ ಹಾದು ಒಂದು ಗುಟುಕು ನೀರು ಬಾಯಿಗೆ ಬಂತು. ಜೋರಾಗಿ ಒಮ್ಮೆ ಊದಿದ್ದರೆ ನೀರು ಹೊರಗೆ ಚಿಮ್ಮಿ ಹೋಗುತ್ತಿತ್ತು. ಅದು ನನಗೆ ತಿಳಿಯದು. ಕಾಲೂರಿ ನಿಂತುಬಿಡೋಣವೆಂದು ಕಾಲು ಚಾಚಿದೆ. ಮಾಸ್ಕಿನ ಗಾಜಿನೊಳಗಿಂದ ನೋಡಿದಾಗ ಬೆಳಕಿನ ವಕ್ರೀಭವನದಿಂದ ವಸ್ತುಗಳು ಇರುವುದಕ್ಕಿಂತ ಕಾಲು ಪಾಲು ಹತ್ತಿರವಾಗಿ, ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ. ಎಟುಕುತ್ತದೆ ಎಂದುಕೊಂಡ ನೆಲ ಎಟುಕಲಿಲ್ಲ. ಎಟುಕಿದ್ದು ಕವಲು ಹವಳದ ಒಂದು ಪೊದೆ. ಅದರ ಮೇಲೆ ನನ್ನ ಪೂರ್ತಿ ಭಾರ ಬಿಟ್ಟು ನಿಂತೆ. ಒಣ ಕಡ್ಡಿ ಮುರಿದ ಹಾಗೆ ಅದು ಕಾಲಿನಡಿ ಮುರಿದದ್ದು ನನಗೆ ತಿಳಿಯಿತು, ಹಿಮ್ಮಡಿ ಕೊಯ್ದುಕೊಂಡು ರಕ್ತವೂ ಬಂತು. ಆ ಹುಡುಗ "ಮತ್ ಖಡೇ ಹೋ, ಮತ್ ಖಡೇ ಹೋ" (ನಿಲ್ಲಬೇಡಿ, ನಿಲ್ಲಬೇಡಿ) ಎಂದು ಕೂಗುತ್ತಲೇ ಇದ್ದ.

ನಾವು ಕಲ್ಲೆಂದು ತುಳಿಯುವ ಆ ಹವಳ ಸಾವಿರಾರು ಪುಟ್ಟ ಪ್ರಾಣಿಗಳ ಒಕ್ಕಲು. ಪಾಲಿಪ್ ಎನ್ನುವ ಈ ಜೀವಿಗಳು ಲೋಳೆಮೀನಿನ ಬಳಗಕ್ಕೆ ಸೇರಿದವು. ಕಡಲನೀರಿನ ಸುಣ್ಣದ ಅಂಶವನ್ನು ಹೀರಿ ತಮ್ಮ ಸುತ್ತ ಗೂಡು ಕಟ್ಟಿಕೊಳ್ಳುತ್ತವೆ, ಒಂದರ ಗೂಡಿನ ಮೇಲೆ ಇನ್ನೊಂದು ಕಟ್ಟುತ್ತ ಹೋಗಿ ದಿಬ್ಬವಾಗುತ್ತದೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸಿಸುತ್ತದೆ, ಬಿಸಿಲಿನಲ್ಲಿ ಆಹಾರ ತಯಾರಿಸಿ ಬಹುಪಾಲನ್ನು ಹವಳಕ್ಕೇ ಕೊಡುತ್ತದೆ. ಹವಳದ ಬಣ್ಣವೂ ಹೆಚ್ಚಾಗಿ ಅದರದ್ದೇ. ಗುಂಡು ಹವಳ ವರ್ಷಕ್ಕೆ ಸಾಮಾನ್ಯವಾಗಿ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಕವಲು ಹವಳ ಹತ್ತು ಸೆಂಟಿಮೀಟರಿನಷ್ಟು. ಅಂದರೆ ನಮ್ಮ ನೀರಿನ ಕೊಡದ ಗಾತ್ರದ ಒಂದು ಗುಂಡು ಹವಳಕ್ಕೆ ಇಪ್ಪತ್ತು ವರ್ಷಕ್ಕೂ ಮಿಗಿಲಾದ ವಯಸ್ಸಾಗಿರುತ್ತದೆ. ಕಡಲ ತಳದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಜಾಗದಲ್ಲಿರುವ ಈ ದಿಬ್ಬಗಳನ್ನು, ಕಡಲಿನ ಜೀವಜಾತಿಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಬದುಕಿನ ಯಾವುದಾದರೂ ಹಂತದಲ್ಲಿ ನೆಚ್ಚಿಕೊಂಡಿರುತ್ತವೆ. ನೀರು ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ನಿಂತರೆ ಪಾಚಿ ಹವಳವನ್ನು ಬಿಟ್ಟು ಹೋಗುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ, ತಂಪು ಬೇಗ ಮರಳದಿದ್ದರೆ ಸಾಯುತ್ತದೆ. ಅಂಡಮಾನಿನಲ್ಲಿ 1998ರಲ್ಲಿ ಒಮ್ಮೆ, 2010ರಲ್ಲಿ ಇನ್ನೂ ತೀವ್ರವಾಗಿ ಹೀಗಾಯಿತು. 2004ರ ಸುನಾಮಿಯ ಪೆಟ್ಟು ಬೇರೆ. ಕಡಲು ಬಿಸಿಯಾಗುವುದನ್ನು ಧಾರವಾಡದಲ್ಲಿ ಕುಳಿತ ನಾನೊಬ್ಬಳು ನಿಲ್ಲಿಸಲಾರೆ. ನನ್ನ ಹಿಮ್ಮಡಿಯನ್ನು ನಿಲ್ಲಿಸಬಹುದಿತ್ತು.

ದಂಡೆಗೆ ಬಂದ ಮೇಲೆ ಆ ಹುಡುಗನ ಹತ್ತಿರ ಕ್ಷಮೆ ಕೇಳಿದೆ. ಅವನು ಬಯ್ಯಲಿಲ್ಲ. ಹವಳವನ್ನು ಹಟಕ್ಕೆ ಬಿದ್ದು ತುಳಿಯುವವರು ಬಹಳ ಕಡಿಮೆ, ಹೆದರಿಕೆಯಾದವರು ತುಳಿಯುತ್ತಾರೆ, ನೀರಿಗೆ ಹೆದರದವರು ಮೇಲೆಯೇ ತೇಲಿಕೊಂಡಿರುತ್ತಾರೆ ಎಂದು ಹೇಳಿದ. ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಹವಳದ ರಕ್ಷಣೆ ಬೇರೆ, ಪ್ರವಾಸಿಗರ ಸುರಕ್ಷತೆ ಬೇರೆ ಎಂದು ನಾವು ಎರಡು ಫಲಕ ಬರೆಯುತ್ತೇವೆ. ನೀರಿನಲ್ಲಿ ಅವೆರಡೂ ಒಂದೇ ಆಗಿರುತ್ತವೆ. ಗಾಬರಿಯಾದವರು ಕಾಲು ಬಡಿಯುತ್ತಾರೆ, ನೆಲ ಹುಡುಕುತ್ತಾರೆ, ಸಿಕ್ಕಿದ್ದನ್ನು ಹಿಡಿಯುತ್ತಾರೆ. ಆ ಹೊತ್ತಿನಲ್ಲಿ ಅವರ ಉಸಿರೂ ಕೆಡುತ್ತದೆ, ಹವಳವೂ ಮುರಿಯುತ್ತದೆ.

ಮುಂದಾಗಿ ಹೇಳಿದರೆ ಜನ ಕೇಳುತ್ತಾರೆಯೇ ಎಂದು ಅನುಮಾನ ಪಡುವವರಿಗೆ ಎರಡು ದಿನ ಬಿಟ್ಟು ಕಂಡದ್ದನ್ನು ಹೇಳಬೇಕು. ವಂಡೂರಿನಿಂದ ಜಾಲಿ ಬಾಯ್ ಎಂಬ ದ್ವೀಪಕ್ಕೆ ಹೋದೆವು. ಅದು 1983ರಲ್ಲಿ ಸ್ಥಾಪನೆಯಾದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಹೋಗುವಂತಿಲ್ಲ, ಪ್ಲಾಸ್ಟಿಕ್ ಒಯ್ಯುವಂತಿಲ್ಲ. ದೋಣಿ ಹತ್ತುವ ಮುನ್ನವೇ ಚೀಲಗಳನ್ನು ತಪಾಸಣೆ ಮಾಡಿ ಹೇಳಿದರು. ಚುರುಮುರಿಯ ಪೊಟ್ಟಣ, ಶೇಂಗಾ ಚಟ್ನಿಯ ಪ್ಲಾಸ್ಟಿಕ್ ಡಬ್ಬಿ ಎಲ್ಲವೂ ದಂಡೆಯಲ್ಲೇ ಉಳಿದವು. ಹಿಂದಿನ ದಿನ ಮೀನುಗಳಿಗೆ ರೊಟ್ಟಿಯ ಚೂರು ಎಸೆದವರೇ ಅಂದು ಒಂದು ಕಾಗದವನ್ನೂ ಬೀಳಗೊಡಲಿಲ್ಲ. ಮೀನಿಗೆ ತಿನ್ನಿಸುವುದು ಪುಣ್ಯವೆಂದು ನಂಬಿ ಬೆಳೆದವರು ನಾವು. ತಿನಿಸಿಗೆ ಒಗ್ಗಿದ ಮೀನು ಪಾಚಿ ಮೇಯುವುದನ್ನು ಬಿಡುತ್ತದೆ, ಪಾಚಿ ಬೆಳೆದು ಹವಳವನ್ನು ಮುಚ್ಚುತ್ತದೆ ಎಂದು ತಿಳಿಸಿ ಹೇಳಿದ್ದರೆ ಅವರೂ ಎಸೆಯುತ್ತಿರಲಿಲ್ಲ. ಹಾಗೆಯೇ, ತೀರದಲ್ಲಿ ಬಿದ್ದಿದ್ದ ಒಣ ಹವಳದ ತುಂಡುಗಳನ್ನು ನೆನಪಿಗೆಂದು ಆಯ್ದುಕೊಂಡಿದ್ದ ನಮ್ಮವರೊಬ್ಬರ ಚೀಲವನ್ನು ವಿಮಾನ ನಿಲ್ದಾಣದಲ್ಲಿ ತೆರೆಸಿ ಎಲ್ಲವನ್ನೂ ತೆಗೆದಿಡಿಸಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಹವಳಗಳನ್ನು ಸೇರಿಸಲಾಗಿದೆ. ಹುಲಿಗೆ ಇರುವ ಕಾನೂನಿನ ರಕ್ಷಣೆಯೇ ಅದಕ್ಕೂ ಇದೆ. ಊರಿನ ಸಭೆಯಲ್ಲಿ ಒಂದು ಮಾತು ಹೇಳಿದ್ದರೆ ಆ ಹಿರಿಯರು ಅಷ್ಟು ಜನರ ಎದುರು ತಲೆ ತಗ್ಗಿಸಿ ನಿಲ್ಲಬೇಕಾಗಿ ಬರುತ್ತಿರಲಿಲ್ಲ.

ನಮ್ಮ ಸೀಮೆಯವರಿಗೆ ಈ ಪಾಠ ಬೇರೆಯವರಿಗಿಂತ ಹೆಚ್ಚು ಬೇಕು ಎನ್ನುವುದಕ್ಕೆ ಕಾರಣವಿದೆ. ನಾನು ನವಲಗುಂದ ತಾಲ್ಲೂಕಿನ ಎರೆಮಣ್ಣಿನ ಹಳ್ಳಿಯಲ್ಲಿ ಹುಟ್ಟಿದವಳು. ಕುಡಿಯಲು ಕೆರೆಯ ನೀರು, ಅದೂ ಬೇಸಿಗೆಯಲ್ಲಿ ಎಣಿಸಿ ತರುವ ಕೊಡ. ಆ ಕಾಲದಲ್ಲಿ ಗಂಡುಹುಡುಗರು ಬೆನ್ನಿಗೆ ಬೆಂಡು ಅಥವಾ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಹೊಲದ ಬಾವಿಗೆ ಹಾರುತ್ತಿದ್ದರು, ಹತ್ತು ವರ್ಷದೊಳಗೆ ಈಜು ಕಲಿತಿರುತ್ತಿದ್ದರು. ನಾವು ಹೆಣ್ಣುಮಕ್ಕಳು ದಂಡೆಯ ಮೇಲೆ ನಿಂತು ನೋಡುತ್ತಿದ್ದೆವು. ಈಗ ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದಿವೆ, ಹುಡುಗರ ಆ ಶಾಲೆಯೂ ಮುಚ್ಚಿಹೋಯಿತು. ಮೊಣಕಾಲಿಗಿಂತ ಮೇಲಿನ ನೀರನ್ನು ಮೈಯಿಂದ ಅರಿಯದ ಎರಡು ತಲೆಮಾರುಗಳು ನಮ್ಮಲ್ಲಿ ಬೆಳೆದಿವೆ. ಕೈಯಲ್ಲಿ ಮಾತ್ರ ಮೊದಲಿಗಿಂತ ಹೆಚ್ಚು ದುಡ್ಡಿದೆ, ಕಡಲು ನೋಡುವ ಆಸೆಯಿದೆ, ಅರಬೈಲ್ ಘಟ್ಟ ಇಳಿದರೆ ಅರ್ಧ ದಿನದಲ್ಲಿ ಸಮುದ್ರ ಸಿಗುತ್ತದೆ.

ಆ ಆಸೆ ನಮ್ಮನ್ನು ಎಲ್ಲಿಗೆ ಮುಟ್ಟಿಸಿದೆ ಎಂಬುದನ್ನು ನೆನಪಿಸಬೇಕಾಗಿದೆ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ ಹದಿನಾರು ಜನ ತೀರಿಕೊಂಡರು. ಅವರಲ್ಲಿ ಹಲವರು ನಮ್ಮ ಹಾವೇರಿ ಜಿಲ್ಲೆಯವರು, ಒಂದೇ ಮನೆತನದವರು, ಮಕ್ಕಳೂ ಇದ್ದರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಿನಲ್ಲಿ, ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ಅವರೂ ನಮ್ಮಂತೆ ಒಣನಾಡಿನ ಮಕ್ಕಳು. ಶಿಕ್ಷಕಿಯಾಗಿ ಎಷ್ಟೋ ಸಲ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದ ನನಗೆ ಆ ಸುದ್ದಿ ಓದಿದ ದಿನ ನಿದ್ದೆ ಬರಲಿಲ್ಲ. ನಾನೂ ಅವರಿಗೆ ನೀರಿನ ಬಗ್ಗೆ "ದೂರ ಹೋಗಬ್ಯಾಡ್ರಿ" ಎಂಬುದಕ್ಕಿಂತ ಹೆಚ್ಚೇನೂ ಹೇಳಿರಲಿಲ್ಲ.

ಈಗ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ, ಸ್ನಾರ್ಕೆಲಿಂಗ್ ಮತ್ತು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾಕ್ಕಾಗಿ ನಮ್ಮ ಕಾಲೇಜಿನ ಹುಡುಗ-ಹುಡುಗಿಯರು ವಾರಾಂತ್ಯಕ್ಕೆ ಹೋಗಿಬರುತ್ತಾರೆ. ಅಲ್ಲಿ ಇಳಿಯಲು ಮರಳಿನ ದಂಡೆಯಿಲ್ಲ. ದೋಣಿಯಿಂದ ನೇರವಾಗಿ ಆಳದ ನೀರಿಗೆ ಇಳಿಯಬೇಕು, ಕಾಲೂರಲು ನೆಲವೇ ಸಿಗುವುದಿಲ್ಲ. ಆದ್ದರಿಂದ ನನ್ನ ಕೋರಿಕೆ ಅಂಡಮಾನಿಗೆ ಹೋಗುವವರಿಗೆ ಎಷ್ಟು ಸಲ್ಲುತ್ತದೆಯೋ ನೇತ್ರಾಣಿಗೆ ಹೋಗುವವರಿಗೂ ಅಷ್ಟೇ ಸಲ್ಲುತ್ತದೆ.

ಎರಡು ಸಂಜೆ ಸಾಕೇ ಎಂದು ಕೇಳಬಹುದು. ಈಜು ಕಲಿಯಲು ಸಾಲದು. ಆದರೆ ಸ್ನಾರ್ಕೆಲಿಂಗಿಗೆ ಈಜಿಗಿಂತ ಮೊದಲು ಬೇಕಾದದ್ದು ಉಸಿರಿನ ಮೇಲೆ ಹತೋಟಿ ಮತ್ತು ತೇಲುತ್ತೇನೆ ಎಂಬ ನಂಬಿಕೆ. ಇವೆರಡನ್ನು ಎರಡು ಸಂಜೆಗಳಲ್ಲಿ ಮೈಗೂಡಿಸಬಹುದು. ಮೊದಲ ಸಂಜೆ ಸೊಂಟದುದ್ದ ನೀರಿನಲ್ಲಿ ಕಟ್ಟೆ ಹಿಡಿದು ನಿಂತು, ಮುಖ ಅದ್ದಿ ಗುಳ್ಳೆ ಬಿಡುವುದರಿಂದ ಆರಂಭಿಸಬೇಕು. ಬಳಿಕ ಮಾಸ್ಕ್ ಹಾಕಿ ಬಾಯಿಂದ ನಿಧಾನವಾಗಿ ಉಸಿರಾಡುವುದು. ಕೊಳವೆಗೆ ಬೇಕೆಂದೇ ನೀರು ತುಂಬಿಸಿ ಒಂದೇ ಸಲಕ್ಕೆ ಊದಿ ಹೊರಹಾಕುವುದು. ಮಾಸ್ಕಿನೊಳಗೆ ನೀರು ಬಂದರೆ ತಲೆಯೆತ್ತಿ, ಅದರ ಮೇಲಂಚನ್ನು ಹಣೆಗೆ ಒತ್ತಿ ಮೂಗಿನಿಂದ ಗಾಳಿ ಬಿಟ್ಟು ನೀರು ತೆಗೆಯುವುದು. ಇದನ್ನು ಹತ್ತು ಸಲ ಕೊಳದಲ್ಲಿ ಮಾಡಿದವರಿಗೆ ಕಡಲಿನಲ್ಲಿ ಒಂದು ಗುಟುಕು ಉಪ್ಪುನೀರು ಬಂದರೆ ಪ್ರಾಣ ಹೋದಂತೆ ಆಗುವುದಿಲ್ಲ. ಎರಡನೆಯ ಸಂಜೆ, ಎದೆಪಟ್ಟಿ ಬಿಗಿದ ಜಾಕೆಟ್ ತೊಟ್ಟು ಬೋರಲಾಗಿ ತೇಲುವುದು, ತೇಲುವಾಗ ಗಾಬರಿಯಾದರೆ ಕಾಲು ಕೆಳಗೆ ಚಾಚದೆ ಮಗ್ಗುಲಾಗಿ ಹೊರಳಿ ಅಂಗಾತ ಮಲಗುವುದು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪಾಠ ಇದೇ. ನಾನು ಇದೊಂದನ್ನು ಕಲಿತು ಹೋಗಿದ್ದರೆ ಆ ಹವಳದ ಪೊದೆ ಇಂದಿಗೂ ಇರುತ್ತಿತ್ತು. ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವುದರಿಂದ ಅಲ್ಲಿ ಮೈ ಕೊಳದಲ್ಲಿಗಿಂತ ಸುಲಭವಾಗಿ ತೇಲುತ್ತದೆ. ಕೊಳದಲ್ಲಿ ತೇಲಿದವರು ಕಡಲಲ್ಲಿ ತೇಲಿಯೇ ತೇಲುತ್ತಾರೆ ಎಂದು ಧೈರ್ಯ ಹೇಳಬಹುದು.

ಕೈಸನ್ನೆಗಳನ್ನೂ ಊರಲ್ಲೇ ಹೇಳಿಕೊಡಬೇಕು. ಹೆಬ್ಬೆರಳು ಎತ್ತಿ ತೋರಿಸಿದರೆ ನಮ್ಮಲ್ಲಿ "ಚಲೋ ಅದ" ಎಂದರ್ಥ. ಮುಳುಗುಗಾರರ ಭಾಷೆಯಲ್ಲಿ ಅದು "ಮೇಲೆ ಹೋಗೋಣ" ಎಂಬ ಸನ್ನೆ, ಎಲ್ಲ ಸರಿ ಇದೆ ಎನ್ನಲು ಹೆಬ್ಬೆರಳು-ತೋರುಬೆರಳು ಕೂಡಿಸಿ ಉಂಗುರ ಮಾಡಬೇಕು. ಸ್ಕೂಬಾಕ್ಕೆ ಇಳಿದವರಿಗೆ ಈ ಒಂದು ವ್ಯತ್ಯಾಸ ತಿಳಿಯದೆ ಗೊಂದಲವಾದದ್ದನ್ನು ನಾನು ನೋಡಿದ್ದೇನೆ. ದೋಣಿಯ ಓಲಾಟಕ್ಕೆ ವಾಂತಿಯಾಗುವವರು ಗುಳಿಗೆಯನ್ನು ವೈದ್ಯರನ್ನು ಕೇಳಿ, ಹತ್ತುವ ಒಂದು ತಾಸು ಮೊದಲೇ ತೆಗೆದುಕೊಳ್ಳಬೇಕು, ಓಲಾಟ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮೈಗೆ ಹಚ್ಚುವ ಸನ್‌ಸ್ಕ್ರೀನ್ ಮುಲಾಮುಗಳಲ್ಲಿನ ಆಕ್ಸಿಬೆಂಜೋನ್ ಮುಂತಾದ ರಾಸಾಯನಿಕಗಳು ಹವಳಕ್ಕೆ ಕೆಡುಕು ಎಂಬ ಕಾರಣಕ್ಕೆ ಪಲಾವು ದೇಶ 2020ರಲ್ಲಿ, ಥಾಯ್ಲೆಂಡ್ ತನ್ನ ಸಾಗರ ಉದ್ಯಾನಗಳಲ್ಲಿ 2021ರಲ್ಲಿ ಅಂಥವನ್ನು ನಿಷೇಧಿಸಿವೆ. ತುಂಬುತೋಳಿನ ಈಜುಡುಗೆ ತೊಟ್ಟರೆ ಮುಲಾಮಿನ ಅವಶ್ಯಕತೆಯೇ ಅಷ್ಟಾಗಿ ಬೀಳುವುದಿಲ್ಲ. ಈ ಉಡುಗೆಯ ಮಾತು ಹೆಣ್ಣುಮಕ್ಕಳಿಗೆ ಇನ್ನೂ ಒಂದು ಕಾರಣಕ್ಕೆ ಮುಖ್ಯ. ನಮ್ಮ ಗುಂಪಿನಲ್ಲಿ ಏಳು ಮಂದಿ ಹೆಂಗಸರು ಏನು ಉಡಬೇಕೆಂದು ತಿಳಿಯದೆ, ಸೀರೆ ಬಿಟ್ಟು ಬೇರೆ ತಂದಿರದೆ, ಅಷ್ಟು ದೂರ ಹೋಗಿ ಅಷ್ಟು ಹಣ ಕೊಟ್ಟು ದಂಡೆಯ ಮೇಲೆಯೇ ಚೀಲ ಕಾಯುತ್ತ ಕುಳಿತರು. ಬಾಲ್ಯದಲ್ಲಿ ಬಾವಿಯ ದಂಡೆಯ ಮೇಲೆ ನಿಂತಂತೆಯೇ.

ಗೈಡ್ ಹಿಡಿದುಕೊಂಡೇ ಇರುತ್ತಾನಲ್ಲ, ಇಷ್ಟೆಲ್ಲ ಯಾಕೆ ಎಂದು ನಮ್ಮ ವ್ಯವಸ್ಥಾಪಕರು ನನಗೆ ಹೇಳಿದರು. ಗೈಡಿಗೆ ಇರುವುದು ಎರಡೇ ಕೈ. ಒಬ್ಬನು ಇಬ್ಬರನ್ನು ಎಳೆಯುವಾಗ ಇಬ್ಬರಿಗೂ ಒಮ್ಮೆಗೇ ಗಾಬರಿಯಾದರೆ ಅವನು ಯಾರನ್ನು ಹಿಡಿಯಬೇಕು? ಜನರಿಗೆ ಸಮಯವಿಲ್ಲ ಎಂದೂ ಹೇಳಿದರು. ಸಾಮಾನಿನ ತೂಕ ಕೇಳಲು ಒಂದು ಸಂಜೆ ಬಂದ ಜನ, ಜೀವದ ಮಾತಿಗೆ ಇನ್ನೆರಡು ಸಂಜೆ ಬಂದೇ ಬರುತ್ತಾರೆ ಎಂದು ನಾನು ನಂಬುತ್ತೇನೆ.

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯವರು, ಗದಗ ಮತ್ತು ಹಾವೇರಿಯ ಜಿಲ್ಲಾಡಳಿತದವರು ತಮ್ಮ ವ್ಯಾಪ್ತಿಯ ಈಜುಕೊಳಗಳಲ್ಲಿ ಅಕ್ಟೋಬರಿನಿಂದ ಮೇವರೆಗೆ, ಅಂದರೆ ಪ್ರವಾಸದ ಕಾಲದಲ್ಲಿ, ವಾರಕ್ಕೆ ಎರಡು ಸಂಜೆಯನ್ನು ಇದಕ್ಕೆಂದು ಬಿಟ್ಟುಕೊಡಬೇಕು. ಅದರಲ್ಲಿ ಒಂದು ಹೊತ್ತು ಮಹಿಳೆಯರಿಗೇ ಮೀಸಲಿರಬೇಕು, ಕಲಿಸುವವರೂ ಮಹಿಳೆಯರೇ ಆಗಿರಬೇಕು. ಪ್ರವಾಸ ಏರ್ಪಡಿಸುವವರು ಅದರ ಶುಲ್ಕವನ್ನು ಪ್ಯಾಕೇಜಿನಲ್ಲೇ ಸೇರಿಸಲಿ, ಸಹಿ ಮಾಡಿಸುವ ಅರ್ಜಿಯಲ್ಲಿ ಈಜು ಬರುತ್ತದೆಯೇ, ಯಾವ ಕಾಯಿಲೆ ಇದೆ ಎಂಬ ಎರಡು ಸಾಲುಗಳನ್ನು ಕಡ್ಡಾಯವಾಗಿ ಸೇರಿಸಲಿ. ಶಾಲೆಗಳ ಪ್ರವಾಸದಲ್ಲಿ ಕಡಲತೀರ ಇದ್ದರೆ ಮಕ್ಕಳಿಗೂ ಶಿಕ್ಷಕರಿಗೂ ಈ ಪಾಠ ಆಗದ ಹೊರತು ಶಿಕ್ಷಣ ಇಲಾಖೆ ಅನುಮತಿ ಕೊಡಬಾರದು. ತಾವೂ ತಮ್ಮ ಪತ್ರಿಕೆಯಲ್ಲಿ ಪ್ರವಾಸದ ಕಾಲ ಆರಂಭವಾಗುವ ಮುನ್ನ, ಬಲ್ಲವರಿಂದ ಬರೆಸಿ, ಚಿತ್ರಗಳ ಸಹಿತ ಒಂದು ಪುಟ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಕತ್ತರಿಸಿ ಚೀಲದಲ್ಲಿಟ್ಟುಕೊಂಡು ಹೋಗುವಂತಿರಲಿ.

ಊರಿಗೆ ಮರಳಿದ ಮೇಲೆ ನಾನೂ ಅಕ್ಕನೂ ಈಜುಕೊಳಕ್ಕೆ ಹೋಗತೊಡಗಿದೆವು. ಮೊದಲ ವಾರ ಅವಳು ಕಟ್ಟೆ ಬಿಡಲಿಲ್ಲ. ಮೂರನೆಯ ವಾರ ಒಂದು ಸಂಜೆ ಅಂಗಾತ ತೇಲುತ್ತ, ಕೈಗಳನ್ನು ಅಗಲಿಸಿ, ಆಕಾಶ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದಳು. ನಾನು ಹತ್ತಿರ ಹೋಗಿ ಕೈ ಹಿಡಿಯಲು ನೋಡಿದಾಗ, "ಇರ್ಲಿ ಬಿಡವಾ" ಎಂದಳು. ನಮ್ಮಲ್ಲಿ ಈಗ ಎರಡು ಮಾಸ್ಕ್, ಎರಡು ಸ್ನಾರ್ಕೆಲ್ ಇವೆ. ಪಾಲಿಕೆಯವರು ಕೊಳದ ಒಂದು ಮೂಲೆಯನ್ನೂ ತರಬೇತಾದ ಜೀವರಕ್ಷಕರೊಬ್ಬರನ್ನೂ ಒದಗಿಸಿದರೆ, ಹೊಸದಾಗಿ ಬರುವ ಹೆಣ್ಣುಮಕ್ಕಳ ಜೊತೆ ನೀರಿನಲ್ಲಿ ನಿಂತು ಮೊದಲ ಪಾಠ ಹೇಳಿಕೊಡಲು ನಾವಿಬ್ಬರೂ ಯಾವ ಸಂಜೆಯಾದರೂ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಧಾರವಾಡ